ಅತ್ತರ್ ಖಾದರ್ ಮೂಸಿದ ಬಾಟಲಿ

ಸುರಪುರ ದಾಟಿ ದೇವಾಪುರದ ಆಚೆ, ದ್ರಾಕ್ಷಿ ತೋಟದ ನಡುವೆ ಒಂದು ಸಣ್ಣ ವೈನ್ ಘಟಕ. ಅದರ ಉದ್ದನೆಯ ಮೇಜಿನ ಮುಂದೆ ನಾವು ಮೂವರು ಗೆಳೆಯರು ನಿಂತಿದ್ದೆವು. ಮೇಜಿನ ಮೇಲೆ ನಾಲ್ಕು ಬಾಟಲಿಗಳಿದ್ದವು. ಮೊದಲು ಮೂಸಬೇಕು, ಆಮೇಲೆ ಗುಟುಕರಿಸಬೇಕು ಎಂದು ಅಲ್ಲಿನ ಹೆಣ್ಣುಮಗಳು ಹೇಳಿಕೊಟ್ಟಳು. ಮಲ್ಲಣ್ಣ ಮೂಸುವ ಗೊಡವೆಗೇ ಹೋಗದೆ ಕುಡಿದು, "ಭಾರಿ ಅದ" ಎಂದ. ನಾಲ್ಕಕ್ಕೂ ಅದೇ ಮಾತು. ನಾಲ್ಕನೆಯದನ್ನು ನಾನೂ ತಿಳಿದವನಂತೆ ಹೊಗಳಿದೆ.

ಖಾದರ್ ಕುಡಿಯುವುದಿಲ್ಲ. ಶಹಾಪುರದಲ್ಲಿ ಅವನದು ಅಪ್ಪನ ಕಾಲದ ಅತ್ತರಿನ ಅಂಗಡಿ. ಕಾರು ಅವನದೆಂಬ ಕಾರಣಕ್ಕೇ ಕರೆತಂದಿದ್ದೆವು. ಸುಮ್ಮನೆ ನಿಂತು ಬೇಜಾರಾಗಿರಬೇಕು, ನಾಲ್ಕನೆಯದು ಇನ್ನೂ ಉಳಿದಿದ್ದ ನನ್ನ ಲೋಟವನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ತುಟಿಗೆ ತಾಕಿಸಲಿಲ್ಲ.

"ಅಕ್ಕಾರ, ಈ ಬಾಟ್ಲಿ ಹುಳಿ ಹಿಡದದ ನೋಡ್ರಿ. ಸಿರ್ಕಾ ಆಗಾಕತ್ತದ, ವಿನೆಗರ್."

ಆಕೆಯ ಮುಖ ಬಿಗಿಯಿತು. "ನೀವು ಕುಡದೇ ಇಲ್ಲ, ಹೆಂಗ ಹೇಳ್ತೀರಿ?"

"ಮೂಗಿನ ಮ್ಯಾಲೇ ನಮ್ಮ ಧಂದಾ ನಡೀತದ್ರಿ."

ಇನ್ನು ನಮ್ಮನ್ನು ಹೊರಗೆ ಕಳಿಸುತ್ತಾರೆಂದು ಮಲ್ಲಣ್ಣ ಅವನ ತೋಳು ಹಿಡಿದೆಳೆದ. ಆಕೆ ಆ ಬಾಟಲಿಯಿಂದ ತಾನೇ ಒಂದು ಗುಟುಕು ಕುಡಿದು ನೋಡಿದಳು. ಅದನ್ನು ಮೂಲೆಯ ತೊಟ್ಟಿಯ ಕಡೆಗೆ ಒಯ್ದಳು. ನಾನು ನನ್ನ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.

"ಚೆಲ್ಲಬ್ಯಾಡ್ರಿ ಅಕ್ಕಾರ," ಖಾದರ್ ಅವಸರದಿಂದ ಕೂಗಿದ. "ಹಂಗೇ ಇಡ್ರಿ. ಪೂರಾ ಸಿರ್ಕಾ ಆತಂದ್ರ ನಮಗ ಹಲಾಲ್. ಉಪ್ಪಿನಕಾಯಿಗಿ ನಾನೇ ಬಂದು ಒಯ್ತೀನಿ."