ಅಮ್ಮನ ಆಕ್ಸಿಜನ್, ಸೊಸೆಯ ಕೈ

ನನಗೆ ನನ್ನ ತಮ್ಮನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನಾನು ಮೂಡಿಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಉಬ್ಬಸದವರು, ನ್ಯುಮೋನಿಯಾದವರು, ಯಾರೇ ಬಂದರೂ ಬೆನ್ನಿಗೆ ಒರಗು ಕೊಟ್ಟು ಕೂರಿಸಿ, ಉಸಿರು ಹಿಡಿತಕ್ಕೆ ತರುವುದು ನನ್ನ ಕೆಲಸ. ಅಕ್ಕಪಕ್ಕದ ಊರಿನವರು ನನ್ನನ್ನೇ ಕೇಳಿಕೊಂಡು ಬರುತ್ತಾರೆ. ನನ್ನ ಅಮ್ಮ ಮಾತ್ರ ಉಸಿರು ಕಟ್ಟಿದರೆ ಸೊಸೆಯನ್ನು ಕೂಗುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡ ನಾನು.

ಅಮ್ಮ ಇರುವುದು ಬಾಳೂರಿನ ಹತ್ತಿರ, ತಮ್ಮನ ಸಣ್ಣ ಕಾಫಿ ತೋಟದ ಮನೆಯಲ್ಲಿ. ಜೀವಮಾನವೆಲ್ಲ ಬಚ್ಚಲೊಲೆಗೆ ಹಸಿ ಸೌದೆ ತುರುಕಿ ಹೊಗೆ ಕುಡಿದವಳು. ಶ್ವಾಸಕೋಶ ಸೋತು, ಒಳಗೆ ಎಳೆದ ಗಾಳಿ ಪೂರ್ತಿ ಹೊರಗೆ ಹೋಗದ ಕಾಯಿಲೆ ಅಂಟಿತು. ಡಾಕ್ಟರು ಮನೆಗೇ ಆಕ್ಸಿಜನ್ ಮಷಿನ್ ಹಾಕಿಸಿ, ಅದರ ಮುಂದಿನ ಕೊಳವೆಯೊಳಗೆ ತೇಲುವ ಗುಂಡು ಎರಡರ ಗೆರೆ ದಾಟಬಾರದು ಎಂದರು. ನಾನು ಮನೆಯವರನ್ನೆಲ್ಲ ಕೂರಿಸಿ ಬಿಡಿಸಿ ಹೇಳಿದೆ. ಇಂಥವರಿಗೆ ಆಕ್ಸಿಜನ್ ಅತಿಯಾದರೆ ಹೊರಹೋಗಬೇಕಾದ ಕೆಟ್ಟ ಗಾಳಿ ರಕ್ತದಲ್ಲೇ ಉಳಿದು ಮಂಪರು ಕವಿಯುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಬೆರಳಿಗೆ ಸಿಕ್ಕಿಸುವ ಮಷಿನ್ನಿನಲ್ಲಿ ತೊಂಬತ್ತರ ಆಸುಪಾಸು ಬಂದರೆ ಸಾಕು, ನೂರು ಬೇಡ.

"ಎಲ್ರಿಗೂ ನೂರು ಬೇಕು, ನಂಗೆ ಮಾತ್ರ ತೊಂಬತ್ತು ಸಾಕಾ? ನಿಂದೆಲ್ಲ ಜಿಪುಣತನ ಮಾರಾಯ್ತಿ," ಎಂದಳು ಅಮ್ಮ.

ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಲು ಹೋದೆ. "ಮೂಗಲ್ಲಿ ತಗೋ, ಬಾಯಲ್ಲಿ ಬಿಡು" ಎಂದು ವಾರ್ಡಿನಲ್ಲಿ ಹೇಳುವಂತೆಯೇ ಹೇಳಿದೆ. ಅಮ್ಮ ಮುಖ ತಿರುಗಿಸಿದಳು. ತಮ್ಮನ ಹೆಂಡತಿ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತಳು. "ಅತ್ತೆ, ಊದುಗೊಳವೇಲಿ ಒಲೆ ಊದ್ತಿದ್ರಲ್ಲ, ಹಂಗೇ ಊದಿ. ಮೆಲ್ಲಗೆ. ಬೂದಿ ಹಾರಿ ಮುಖಕ್ಕೆ ಬರ್ಬಾರ್ದು," ಎಂದು ತಾನೂ ತುಟಿ ಚೂಪು ಮಾಡಿ ಊದಿದಳು. ಅಮ್ಮ ನಕ್ಕಳು. ಆಮೇಲೆ ಊದಿದಳು, ಸರಿಯಾಗಿಯೇ ಊದಿದಳು. ನಾನು ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ನಮ್ಮ ಕಡೆ ಬಡಿಸುವ ಕೈಗೆ ಒಂದು ಕ್ರಮವಿದೆ. ಉಣ್ಣುವವರು ಸಾಕು ಎಂದ ಮೇಲೂ ಒಂದು ಸೌಟು ಹಾಕದಿದ್ದರೆ ಅದು ಬಡಿಸಿದ್ದೇ ಅಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿಡುವವಳು ತಮ್ಮನ ಹೆಂಡತಿ. ಸಾಕು ಅಂದವರಿಗೇ ಹಾಕುವವಳು, ಬೇಕು ಎಂದು ಕೇಳಿದವರಿಗೆ ಇಲ್ಲ ಅಂದಾಳೆಯೇ? ಕಾಫಿ ಕೊಯ್ಲಿನ ಚಳಿಯಲ್ಲಿ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. "ಇನ್ನೊಂಚೂರು ಬಿಡು ಮಗಾ" ಎಂದು ಅಮ್ಮ ಕೇಳಿದಾಗಲೆಲ್ಲ ಇವಳು ಆಕ್ಸಿಜನ್ ಮಷಿನ್ನಿನ ತಿರುಪನ್ನು ಇನ್ನೊಂಚೂರು ತಿರುಗಿಸಿದ್ದಾಳೆ.

ಅದೇ ಸಮಯಕ್ಕೆ ನನಗೆ ರಜೆ ಸಿಕ್ಕಿ, ಬೆಳಿಗ್ಗೆಯ ಬಸ್ಸಿಗೆ ಹೋದೆ. "ಅತ್ತೆಗೆ ಇವತ್ತು ಒಳ್ಳೆ ನಿದ್ದೆ ಅಕ್ಕ," ಎಂದು ಅವಳು ಬಾಗಿಲಲ್ಲೇ ಸಂಭ್ರಮದಿಂದ ಹೇಳಿದಳು. ಹೋಗಿ ನೋಡಿದರೆ ಅಮ್ಮನ ಕೈ ಬೆಚ್ಚಗೆ, ಕೆನ್ನೆ ಕೆಂಪು, ಉಸಿರು ಮೇಲುಮೇಲಕ್ಕೆ. ಕರೆದರೆ ಕಣ್ಣು ತೆರೆದು ಮತ್ತೆ ಮುಚ್ಚಿದಳು. ಬೆರಳಿನ ಮಷಿನ್ ತೊಂಬತ್ತೊಂಬತ್ತು ತೋರಿಸಿತು. ಗುಂಡು ಐದರ ಗೆರೆಯಲ್ಲಿ ಕುಣಿಯುತ್ತಿತ್ತು. ನಾನು ಅದನ್ನು ಎರಡಕ್ಕೆ ಇಳಿಸಿ, ಅಮ್ಮನನ್ನು ಎತ್ತಿ ದಿಂಬಿಗೆ ಒರಗಿಸಿ, ಜೀಪು ತೆಗೆ ಎಂದು ತಮ್ಮನಿಗೆ ಕೂಗಿದೆ.

"ಅತ್ತೆ ಬಾಯಿಬಿಟ್ಟು ಕೇಳ್ದಾಗ ಇಲ್ಲ ಅನ್ನಕ್ಕೆ ನಾಲಗೆ ಏಳ್ಲಿಲ್ಲ ಅಕ್ಕ," ಎಂದು ಅವಳು ದಾರಿಯುದ್ದಕ್ಕೂ ಅತ್ತಳು. ನಾನು ಬೈಯಲಿಲ್ಲ. ಅಮ್ಮ ಉಳಿಯುತ್ತಾಳೋ ಇಲ್ಲವೋ ಎಂಬ ಭಯದ ನಡುವೆಯೂ ಒಳಗೊಳಗೇ ಒಂದು ಖುಷಿ ಎದ್ದಿತ್ತು. ಯಾರ ಕೈ ಎಂಥದ್ದು ಎಂದು ಅಮ್ಮನಿಗೆ ಇವತ್ತಾದರೂ ಗೊತ್ತಾಗುತ್ತದೆ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಉಸಿರಿಗೆ ಒತ್ತಾಸೆ ಕೊಡುವ ಮಷಿನ್ನಿನ ಬಿಗಿ ಮಾಸ್ಕ್ ಹಾಕಿದೆವು. ಎಚ್ಚರ ಬರುತ್ತಲೇ ಅಮ್ಮ ಅದನ್ನು ಕಿತ್ತಳು. ನಾನು ಹಾಕಿದೆ, ಮತ್ತೆ ಕಿತ್ತಳು. ಕೊನೆಗೆ ಸೊಸೆ ಬಂದು ಕೈ ಹಿಡಿದು, "ನಾನಿದೀನಿ ಅತ್ತೆ, ಇದೊಂದ್ ಹಾಕ್ಕಳಿ," ಎಂದಳು. ಅಮ್ಮ ಹಸುಗೂಸಿನಂತೆ ಮುಖ ಒಡ್ಡಿದಳು. ಜೊತೆಯ ನರ್ಸುಗಳು ನನ್ನ ಕಡೆ ನೋಡಿ ಬೇರೆ ಕೆಲಸ ಹುಡುಕಿಕೊಂಡರು.

ಅಮ್ಮ ಚೇತರಿಸಿಕೊಂಡಳು. ಮನೆಗೆ ಹೊರಡುವ ಹಿಂದಿನ ದಿನ ಪಕ್ಕದ ಹಾಸಿಗೆಯವರಿಗೆ ಹೇಳಿದಳು: "ನನ್ ಜೀವ ಉಳ್ಸಿದ್ದು ನಮ್ ಸೊಸೆ ಕಣ್ರೀ. ಮಗಳು ಬಂದವ್ಳೇ ಗಾಳಿ ಕಮ್ಮಿ ಮಾಡಿದ್ಲಂತೆ."

ಸೊಸೆಯ ಮುಖ ಬಿಳಚಿಕೊಂಡಿತು. "ಅಲ್ಲ ಅತ್ತೆ, ನಾನೇ..." ಎಂದು ಬಾಯಿ ತೆರೆದಳು. ಹೇಳಲಿ, ಪೂರ್ತಿ ಹೇಳಲಿ ಎಂದು ನನ್ನ ಮೈಯೆಲ್ಲ ಕಾಯುತ್ತಿತ್ತು. ಆದರೆ ನಾಳೆ ನಾನು ಡ್ಯೂಟಿಯಲ್ಲಿರುತ್ತೇನೆ, ಅಮ್ಮ ಬಾಳೂರಿನಲ್ಲಿರುತ್ತಾಳೆ. ಮತ್ತೆ ಇನ್ನೊಂಚೂರು ಕೇಳುತ್ತಾಳೆ. ಆಗ ಬೇಡ ಎಂದರೆ ಅಮ್ಮ ಕೇಳುವುದು ಇವಳ ಮಾತನ್ನು ಮಾತ್ರ. ಇವಳ ಮೇಲಿನ ನಂಬಿಕೆಯೂ ಹೋದರೆ ಅಮ್ಮ ತಾನೇ ಎದ್ದು ತಿರುಪಿಗೆ ಕೈ ಹಾಕುತ್ತಾಳೆ. ನಾನು ಸೊಸೆಯ ತೋಳನ್ನು ಗಟ್ಟಿಯಾಗಿ ಅದುಮಿದೆ.

"ಹೌದಮ್ಮ, ಅವಳೇ ಉಳ್ಸಿದ್ದು. ಇನ್ಮೇಲೆ ಅವಳು ಎರಡು ಅಂದ್ರೆ ಎರಡೇ. ತಿಳೀತಾ?"

"ಅದನ್ನೇನು ನೀನು ಹೇಳದು?" ಎಂದಳು ಅಮ್ಮ, ಸೊಸೆಯ ಕಡೆ ಕೈ ಚಾಚುತ್ತಾ. "ಅವಳು ಹೇಳಿದ್ರೆ ಒಂದಕ್ಕೂ ಸೈ."