ಯಗಚಿಯಲ್ಲಿ ಇಲ್ಲದ ಮೀನು

ಕಡಲಿನಿಂದ ಹೊಳೆಗೆ ಹತ್ತಿ ಬರುವ ಹಾವುಮೀನು ಎಲ್ಲೆಲ್ಲಿ ಬದುಕಬಹುದು ಅಂತ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ನನ್ನ ಕೆಲಸ. ಹಸಿರು ಬಂದರೆ ಬದುಕುತ್ತದೆ, ಕೆಂಪು ಬಂದರೆ ಇಲ್ಲ. ಕೆಳಗೆ ಅಷ್ಟೊಂದು ಅಣೆಕಟ್ಟುಗಳಿರುವುದರಿಂದ ಬೇಲೂರಿನ ಯಗಚಿ ಪೂರ್ತಿ ಕೆಂಪಾಗಿತ್ತು. ಒಮ್ಮೆ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳೋಣವೆಂದು ಹೋದೆ.

ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ನಿಂಗಮ್ಮನಿಗೆ ನಕ್ಷೆ ತೋರಿಸಿ, "ಇಲ್ಲಿ ಹಾವುಮೀನು ಇಲ್ಲ ಅಲ್ವಾ?" ಅಂದೆ.

"ಯಾರವ್ವಾ ಹಂಗಂದಿದ್ದು? ಐತೆ ಕಣವ್ವ," ಅಂದವರೇ ಪಕ್ಕದ ಬಕೆಟ್ಟಿನ ಮುಚ್ಚಳ ತೆಗೆದರು. ಒಳಗೆ ನನ್ನ ತೋಳಿನಷ್ಟು ಉದ್ದದ ಹಾವುಮೀನು ಹೊರಳಾಡುತ್ತಿತ್ತು.

ಫೋಟೊ ತೆಗೆದು, ಅಳತೆ ಹಿಡಿದು, ಅಲ್ಲಿಂದಲೇ ಮೇಲಧಿಕಾರಿಗೆ ಫೋನ್ ಮಾಡಿದೆ.

"ಒಂದು ಮೀನಿಗೋಸ್ಕರ ನಕ್ಷೆ ಕೆಡಿಸ್ಕೊಳ್ಳೋಕಾಗುತ್ತೇನ್ರೀ? ವರದಿಯಿಂದ ಬಿಟ್ಟುಬಿಡಿ ಅದನ್ನ," ಅಂದರು.

ಬಿಟ್ಟರೆ, ಅಲ್ಲಿ ಕಟ್ಟಲಿದ್ದ ಹೊಸ ಒಡ್ಡಿಗೆ ಮೀನು ಹತ್ತುವ ದಾರಿಯೇ ಬೇಡ ಎಂದಾಗಿಬಿಡುತ್ತಿತ್ತು.

"ಬಿಡೋದಿಲ್ಲ ಸಾರ್. ಮೀನು ವರದಿಯಲ್ಲಿ ಇರುತ್ತೆ. ಬೇಕಾದ್ರೆ ನನ್ನ ಹೆಸರು ತೆಗೀರಿ," ಅಂದೆ.

ತಿಂಗಳುಗಟ್ಟಲೆ ವಾದ ನಡೆದು ಮೀನು ವರದಿಯಲ್ಲಿ ಉಳಿಯಿತು, ಒಡ್ಡಿನ ನಕಾಶೆಗೆ ಮೀನಿನ ದಾರಿಯೂ ಸೇರಿತು. ಹೋಗಿದ್ದು ನನ್ನ ಹೆಸರೊಂದೇ. ಅದಕ್ಕೆ ನನಗೇನೂ ಬೇಸರವಿಲ್ಲ.

ಬೇಸರವಾಗಿದ್ದು ಅವತ್ತು, ಫೋನಿಟ್ಟು ತಿರುಗಿ ನೋಡಿದಾಗ. ಬಕೆಟ್ ಖಾಲಿಯಾಗಿತ್ತು. "ಮೀನೆಲ್ಲಿ ನಿಂಗಮ್ಮಾ?" ಅಂದೆ.

"ಗಿರಾಕಿ ಬಂದ್ರು, ಕೊಟ್ಟೆ. ನಿಮ್ಮ ಜಗಳ ಮುಗಿಯೋಗಂಟ ಅವರ ಮನೇಲಿ ಸಾರು ಕಾಯ್ತದಾ?"