ಘಟ್ಟದ ಬಾಗಿಲಲ್ಲಿ ಕೊಟ್ಟ ಗುಳಿಗೆ

ಗುಳಿಗೆ ಕೊಟ್ಟವಳು ನಾನೇ. ಅತ್ತೆಯವರು ಕೊಡೆಂದರು ಎನ್ನುವುದು ನಿಜ, ಆದರೆ ಕೀಬೋರ್ಡಿನ ಮೇಲೆ ‘ಯೆಸ್’ ಒತ್ತಿದ ಬೆರಳು ನನ್ನದು. ಇಷ್ಟು ವರ್ಷಗಳ ಮೇಲೂ ಅದು ನೆನಪಾದರೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಯಜಮಾನರು ಅಕ್ಕಲಕೋಟದ ಕೋರ್ಟಿನಲ್ಲಿ ವಕೀಲರು. ದಾವೆಯ ಕಾಗದ ಟೈಪು ಮಾಡಿಸಲೆಂದು ಸೊಲ್ಲಾಪುರದಿಂದ ಒಂದು ಕಂಪ್ಯೂಟರ್ ತಂದರು. ಸೊಲ್ಲಾಪುರದಲ್ಲಿ ಅವರ ಹೊಸ ಆಫೀಸು ಸಿದ್ಧವಾಗುವ ತನಕ ಅದು ನಮ್ಮ ನಡುಮನೆಯಲ್ಲಿ ಇರುವುದು, ದಸರೆಯ ಖಂಡೇಪೂಜೆಯ ಹೊತ್ತಿಗೆ ಅಲ್ಲಿಗೆ ಹೋಗುವುದು ಎಂದು ಠರಾವಾಗಿತ್ತು. ಅಂಗಡಿಯವರು ಅದರ ಜೊತೆ ಆಟದ ಸಿ.ಡಿ.ಯೊಂದನ್ನು ಪುಕ್ಕಟೆ ಕೊಟ್ಟಿದ್ದರು. ಯಜಮಾನರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಜ್ಯೇಷ್ಠದ ಒಂದು ಮಧ್ಯಾಹ್ನ ನಾನೇ ಹಾಕಿ ನೋಡಿದೆ.

ಚೀನಾದ ಯಾವುದೋ ಬೆಟ್ಟ, ಬೆಟ್ಟದ ಮೇಲೊಂದು ಗರಡಿ. ಗರಡಿಯ ಗುರುವಿಗೆ ಯಾರೋ ವಿಷ ಹಾಕಿದ್ದಾರೆ. ಒಬ್ಬ ಶಿಷ್ಯ, ಅಂದರೆ ನಾನು, ಏಳು ಬೆಟ್ಟ ತಿರುಗಿ ಮೂರು ಬೇರು ತಂದು, ಗುಳಿಗೆ ಮಾಡಿಸಿ ಗುರುವಿಗೆ ಕೊಡಬೇಕು. ದಾರಿಯುದ್ದಕ್ಕೂ ಒದೆಯುವುದನ್ನು ಕಲಿಯಬೇಕು, ಉಸಿರು ಬಿಗಿಹಿಡಿದು ಗೋಡೆ ಹತ್ತಬೇಕು, ಮೋಡದ ಮೇಲೆ ಕಾಲಿಟ್ಟು ಕಣಿವೆ ದಾಟಬೇಕು. ಊರೂರಿನಲ್ಲಿ ನಿಂತ ಜನ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಅದನ್ನು ಓದಿ ದಾರಿ ತಿಳಿದುಕೊಳ್ಳಬೇಕು. ಸೊಲ್ಲಾಪುರದ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತ ನನ್ನ ಇಂಗ್ಲಿಷು ಅಕ್ಕಲಕೋಟದ ಮನೆಯಲ್ಲಿ ಔಷಧದ ಬಾಟಲಿ ಓದಲಿಕ್ಕೆ ಬಿಟ್ಟರೆ ಯಾತಕ್ಕೂ ಬಂದಿರಲಿಲ್ಲ. ಇಲ್ಲಿ ಅದಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗುವಂತಿರಲಿಲ್ಲ.

ಇದೊಂದನ್ನಾದರೂ ಮುಗಿಸಬೇಕು ಎಂದು ಹಟ ಹುಟ್ಟಿತು. ಬಿ.ಎ. ಸೆಕೆಂಡ್ ಇಯರಿನಲ್ಲಿ ಮದುವೆ ಮಾಡಿದರು, ಪರೀಕ್ಷೆಗೆ ಕೂಡಲಿಲ್ಲ. ಟೈಪಿಂಗ್ ಕ್ಲಾಸು ಬಾಣಂತನಕ್ಕೆ ನಿಂತಿತು. ಹಾರ್ಮೋನಿಯಂ ಮೇಲೆ ಎರಡು ರಾಗ ಕೈಗೆ ಹತ್ತುವಷ್ಟರಲ್ಲಿ ಮಾವನವರು ಹಾಸಿಗೆ ಹಿಡಿದರು. ಪ್ರತಿ ಸಲವೂ ಯಾರೋ ಬಂದು ಏಳು ಎಂದಿದ್ದಾರೆ, ನಾನು ಎದ್ದಿದ್ದೇನೆ. ದಸರೆಗೆ ಇನ್ನೂ ನಾಲ್ಕು ತಿಂಗಳಿತ್ತು. ಅಷ್ಟರೊಳಗೆ ಆ ಗುರುವನ್ನು ಎಬ್ಬಿಸಿಯೇ ತೀರುತ್ತೇನೆ ಎಂದುಕೊಂಡೆ.

ಯಜಮಾನರು ಕೋರ್ಟಿನಲ್ಲಿರುವ ಒಂದರಿಂದ ನಾಲ್ಕು ನನ್ನ ಹೊತ್ತು. ಅತ್ತೆಯವರು ಮೊರದಲ್ಲಿ ಜೋಳ ಹಸನು ಮಾಡುತ್ತ ನನ್ನ ಹಿಂದೆ ಕೂಡುತ್ತಿದ್ದರು. ಪರದೆಯ ಮೇಲಿನ ಪ್ರತಿ ಮಾತನ್ನೂ ಅವರಿಗೆ ಕನ್ನಡದಲ್ಲಿ ಹೇಳಬೇಕು. ಶಿಷ್ಯ ಚಪ್ಪಲಿ ಬಿಡದೆ ಗುಡಿಯೊಳಗೆ ನುಗ್ಗುತ್ತಾನೆಂದು ಅವರ ದೊಡ್ಡ ತಕರಾರು. ಚಪ್ಪಲಿ ಬಿಡಿಸುವ ಕೀ ಇಲ್ಲ ಎಂದರೆ ನಂಬುತ್ತಿರಲಿಲ್ಲ, ನನಗೇ ಬರುವುದಿಲ್ಲ ಎಂದುಕೊಳ್ಳುತ್ತಿದ್ದರು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹೋದರೆ ಅಂದಿನ ಆಟವೆಲ್ಲ ನೀರುಪಾಲು. ಅದಕ್ಕೆ ಆಟದ ದಾರಿಯಲ್ಲಿ ಧರ್ಮಶಾಲೆ ಕಂಡಲ್ಲೆಲ್ಲ ಸೇವ್ ಮಾಡುತ್ತಿದ್ದೆ. ಸೇವ್ ಮಾಡಲು ಎಂಟು ಜಾಗ ಇದ್ದವು. ನಾನು ಬಳಸಿದ್ದು ಒಂದೇ, ಹಳೆಯದರ ಮೇಲೆ ಹೊಸದು. ಬೇಡದ ರಫ್ ವರ್ಕ್ ಇಟ್ಟುಕೊಳ್ಳಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಶಿಸ್ತು ಅದು. ಆ ಶಿಸ್ತಿಗೆ ಬೆಂಕಿ ಹಾಕಬೇಕು.

ಭಾದ್ರಪದದಲ್ಲಿ ಮೂರೂ ಬೇರು ಕೂಡಿ ಗುಳಿಗೆ ತಯಾರಾಯಿತು. ಒಂದೇ ಒಂದು ಗುಳಿಗೆ. ಗರಡಿಗೆ ತಿರುಗಿ ಹೋಗುವ ಘಟ್ಟದ ಬಾಗಿಲಲ್ಲಿ ಒಬ್ಬ ಮುದುಕ ಕೂತಿದ್ದ. ಹರಕು ಕೌದಿ, ಜಡೆಗಟ್ಟಿದ ತಲೆ. ಎದೆ ನೋಯುತ್ತಿದೆ, ನಿನ್ನ ಗುಳಿಗೆ ಕೊಡುತ್ತೀಯಾ ಎಂದು ಕೇಳಿದ. ಕೆಳಗೆ ಎರಡೇ ಮಾತು: ಯೆಸ್, ನೋ.

ನಾವು ಅಕ್ಕಲಕೋಟದವರು. ಗುರುವಾರ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಇಳಿಯುವುದು ಎಲ್ಲಿಂದಲೋ ನಡೆದು ಬಂದ, ಮೈಮೇಲಿನ ಬಟ್ಟೆಯ ಪರಿವೆಯಿಲ್ಲದ ಒಬ್ಬ ಅವಧೂತ ಮಹಾರಾಜರ ಸಮಾಧಿಯ ದರ್ಶನಕ್ಕೆ. ಬಾಗಿಲಿಗೆ ಬಂದ ಹರಕು ಬಟ್ಟೆಯ ಮುದುಕನಿಗೆ ಮುಂದಿನ ಮನೆ ತೋರಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

“ಕೊಟ್ಟ ಬಿಡವಾ,” ಎಂದರು ಅತ್ತೆ. “ಇವರು ಆ ಗುರುಗಳ ಗುರು ಇರಬೇಕು. ಪರೀಕ್ಷಾ ನೋಡಾಕತ್ತಾರ.”

ನನಗೂ ಹಾಗೇ ಅನಿಸಿತ್ತು. ಯೆಸ್ ಒತ್ತಿದೆ. ಮುದುಕ ಗುಳಿಗೆ ನುಂಗಿ ಥ್ಯಾಂಕ್ ಯೂ ಎಂದು ಹೊರಟುಹೋದ. ಇನ್ನು ಬೆಳಕು ಬೀಳುತ್ತದೆ, ನಿಜರೂಪ ತೋರಿಸುತ್ತಾನೆ ಎಂದು ಅತ್ತೆ ಸೊಸೆ ಇಬ್ಬರೂ ಕಾದು ಕೂತೆವು. ಏನೂ ಆಗಲಿಲ್ಲ. ಕರೆಂಟಿನ ಭಯಕ್ಕೆ ಪಕ್ಕದ ಧರ್ಮಶಾಲೆಗೆ ಹೋಗಿ, ಎಂದಿನಂತೆ ಹಳೆಯದರ ಮೇಲೆಯೇ ಸೇವ್ ಮಾಡಿದೆ. ಗುರುವಿನ ಕೋಣೆಗೆ ಹೋದರೆ ಕಾವಲುಗಾರ, ಗುಳಿಗೆ ಎಲ್ಲಿ ಎಂದ.

ಆಮೇಲೆ ಮೂರು ದಿನ ಏಳೂ ಬೆಟ್ಟ ಸುತ್ತಿದೆ. ಕಿತ್ತ ಬೇರು ಮತ್ತೆ ಚಿಗುರಲಿಲ್ಲ, ಆ ಮುದುಕನ ಸುಳಿವಿರಲಿಲ್ಲ. ನಾಲ್ಕನೆಯ ದಿನ ರವಿಕೆ ಬಟ್ಟೆ ತರುತ್ತೇನೆಂದು ಸುಳ್ಳು ಹೇಳಿ, ಲಾಲ್ ಬಸ್ಸು ಹತ್ತಿ ಸೊಲ್ಲಾಪುರದ ಆ ಕಂಪ್ಯೂಟರ್ ಅಂಗಡಿಗೇ ಹೋದೆ. ಮಾಲೀಕರು ನನ್ನದೇ ವಯಸ್ಸಿನವರು. ಪೂರಾ ಕೇಳಿಕೊಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುವನ್ನು ಅಲ್ಲೇ ಅಡಗಿಸಿದರು.

“ವೈನಿ, ತೋ ಭಾಮಟಾ ಆಹೇ,” ಎಂದು ಮರಾಠಿಯಲ್ಲಿ ಅಂದವರು ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. “ಠಕ್ಕ ಇದ್ದಾನ್ರಿ ಅಂವಾ. ಎಲ್ಲಾರೂ ನೋ ಅಂತಾರ. ನೀವು ಅಕ್ಕಲಕೋಟದವ್ರೇನು?”

ಹೌದು ಎಂದೆ.

“ಅದಕ್ಕs ಮತ್ತ. ನಿಮ್ಮೂರವ್ರು ಇನ್ನಿಬ್ಬರು ಬಂದು ಹೋಗ್ಯಾರ.”

ಮೊದಲಿನಿಂದ ಶುರು ಮಾಡುವುದು ಬಿಟ್ಟು ಬೇರೆ ಉಪಾಯವಿರಲಿಲ್ಲ. ಐ ವಾಸ್ ಫ್ಯೂರಿಯಸ್. ಮನೆಗೆ ಬಂದು, ನಿಮ್ಮ ಗುರುಗಳ ಗುರು ಶುದ್ಧ ಠಕ್ಕನಂತೆ ಎಂದು ಅತ್ತೆಯವರ ಮೇಲೆ ಹರಿಹಾಯ್ದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

“ಠಕ್ಕ ಇದ್ದರ ಇರವಲ್ಲನ್ಯಾಕ. ಎದಿ ನೋವು ಖರೇ ಇತ್ತೋ ಇಲ್ಲೋ?”

ಸಿಟ್ಟು ಇನ್ನಷ್ಟು ಏರಿ, ಹೋಗಿ ಕಂಪ್ಯೂಟರ್ ಚಾಲೂ ಮಾಡಿ ಕೂತೆ.

ದಸರೆಗೆ ಹದಿನೈದು ದಿನ ಉಳಿದಿತ್ತು. ಮೊದಲ ಸಲ ಮೂರು ತಿಂಗಳು ಹಿಡಿದ ದಾರಿಯನ್ನು ಈಗ ಓಡಿದೆ. ದಾರಿಯ ಗರಡಿಗಳಲ್ಲಿ ನಿಂತು ಸಾಧನೆ ಮಾಡಲು ಪುರುಸೊತ್ತಿರಲಿಲ್ಲ. ಬೇರು ಕಿತ್ತುಕೊಂಡು ಮುಂದಕ್ಕೆ, ಮುಂದಕ್ಕೆ. ಘಟ್ಟದ ಬಾಗಿಲು ಬಂದಾಗ ಅತ್ತೆಯವರು ಮೊರ ಎತ್ತಿಕೊಂಡು ಅಡಿಗೆಮನೆಗೆ ಹೋದರು. ನಾನು ನೋ ಒತ್ತಿದೆ.

ಖಂಡೇಪೂಜೆಯ ಹಿಂದಿನ ದಿನ ಗುರುವಿನ ಕೋಣೆಯೆದುರು ನಿಂತಿದ್ದೆ. ಗುಳಿಗೆ ಕೈಯಲ್ಲಿದೆ ಎಂದು ಕಾವಲುಗಾರ ಬಿಡುವವನಲ್ಲ, ಅವನನ್ನು ಕಾದಾಡಿ ಸೋಲಿಸಬೇಕು. ಅವನ ಎರಡೇ ಒದೆತಕ್ಕೆ ನನ್ನ ಶಿಷ್ಯ ನೆಲಕ್ಕೆ ಬಿದ್ದ. ಹದಿನೈದು ದಿನದಲ್ಲಿ ಬೆಳೆಸಿದವನ ಮೈಯಲ್ಲಿ ತ್ರಾಣ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಯಜಮಾನರು ಇಬ್ಬರು ಹಮಾಲರ ಜೊತೆ ಒಳಗೆ ಬಂದು, ಏಳು, ವಾಯರ್ ಬಿಚ್ಚಬೇಕು ಎಂದರು.

“ಏಳಂಗಿಲ್ರಿ,” ಎಂದೆ. “ಇನ್ನ ಅರ್ಧಾ ತಾಸು ಬೇಕು ನನಗ.”

ಪರರೆದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಯಜಮಾನರು ಪರದೆ ನೋಡಿದರು, ನನ್ನನ್ನು ನೋಡಿದರು. ಏನಿದು ಎಂದು ಅವ್ವನನ್ನು ಕೇಳಿದರು. ಗುರುಗಳಿಗೆ ಔಷಧ ಒಯ್ಯುತ್ತಿದ್ದಾಳೆ, ಸುಮ್ಮನೆ ಕೂಡು ಎಂದು ಅವರವ್ವ ಗದರಿಸಿದರು. ಹಮಾಲರಿಗೆ ಚಹಾ ಬಂತು. ಅವರು ಬಸಿ ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ನಿಂತರು.

“ಬಾಜೂಕ ಸರೀರಿ ಬಾಯಿ,” ಎಂದ ಒಬ್ಬ, “ಬಲಗಾಲು ಎತ್ತಾಕತ್ತಾನ.”

ಸರಿದೆ. ಕಾವಲುಗಾರ ಎಡಗಾಲಿನಿಂದ ಒದ್ದ. ಮತ್ತೆ ಎದ್ದೆ, ಮತ್ತೆ ಬಿದ್ದೆ. ಬೆರಳ ಗಂಟುಗಳು ನೋಯತೊಡಗಿದವು. ಅರ್ಧ ತಾಸು ಒಂದು ತಾಸಾಯಿತು. ಯಜಮಾನರು ಗಡಿಯಾರ ನೋಡಿದರೇ ಹೊರತು ಏಳು ಎನ್ನಲಿಲ್ಲ. ಎಷ್ಟನೆಯ ಸಲವೋ ಬಿದ್ದಾಗ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ.

“ಆತೇನ?” ಎಂದರು ಯಜಮಾನರು ಮೆಲ್ಲಗೆ.

“ಆಗಲಿಲ್ಲ. ಒಯ್ಯಿರಿ,” ಎಂದು ನಾನೇ ಸ್ವಿಚ್ ಆರಿಸಿದೆ.

ಸೊಲ್ಲಾಪುರದ ಆಫೀಸಿನಲ್ಲಿ ಅದಕ್ಕೆ ಅರಿಶಿನ ಕುಂಕುಮ ಏರಿತು, ಆಟ ಅಳಿಸಿಹೋಯಿತು. ಆ ಸಲ ಯಾರೂ ನನ್ನನ್ನು ನಡುವೆ ಎಬ್ಬಿಸಲಿಲ್ಲ, ಸೋತು ನಾನಾಗಿಯೇ ಎದ್ದೆ. ಇದನ್ನು ಕೇಳಿದವರು ಅದೂ ಒಂದು ಮುಗಿಸಿದ ಹಾಗೇ ಅಲ್ಲವೇ ಎನ್ನುತ್ತಾರೆ. ಅಲ್ಲ. ಗುರುವಿನ ಕೋಣೆಯ ಬಾಗಿಲು ಪರದೆಯ ಮೇಲೆ ಎರಡು ಬೆರಳಿನಷ್ಟು ದೂರದಲ್ಲಿತ್ತು, ಗುಳಿಗೆ ನನ್ನ ಹತ್ತಿರವೇ ಇತ್ತು.